ಒಂದೇ ಊರಿನ ವೀಸಾ

೨೧ ಡಿಸೆಂಬರ್ ೨೦೦೧, ಶುಕ್ರವಾರ, ಸಂಜೆ ಆರು ಗಂಟೆ ನಲವತ್ತು ನಿಮಿಷ. ಬಸವಕಲ್ಯಾಣದ ಬಸ್ ನಿಲ್ದಾಣದ ರಸ್ತೆಯಲ್ಲಿ ನಾನು ನೋಡಿಕೊಳ್ಳುತ್ತಿದ್ದ ನಮ್ಮ ಟೆಲಿಫೋನ್ ಬೂತಿನ ಗಂಟೆ ಹೊಡೆಯಿತು. ಬಹಳ ದೂರದ ಕರೆಯಾದರೆ ಮೊದಲು ಒಂದು ಕ್ಷಣ ಗಾಳಿ ಊದಿದಂಥ ಸದ್ದು ಬರುತ್ತದೆ, ಆಮೇಲೆ ಮನುಷ್ಯರ ದನಿ. ಅವತ್ತೂ ಹಾಗೇ ಆಯಿತು. ಕರಾಚಿಯಿಂದ ಒಬ್ಬ ಗಂಡಸು. ನಮ್ಮೂರಿಗೆ ಬಂದಿದ್ದ ತನ್ನ ತಾಯಿಯನ್ನು ಕೂಡಲೇ ಕರೆಸಿ ಎಂದ. ಅವರು ಇಲ್ಲ, ಹೊರಗೆ ಹೋಗಿದ್ದಾರೆ ಎಂದೆ. ಆಮೇಲೆ ಉರ್ದುವಿನಲ್ಲಿ ನಿಧಾನವಾಗಿ, ಒಂದೊಂದೇ ಮಾತು ಎಣಿಸಿಕೊಟ್ಟಂತೆ ಹೇಳಿದ: ಜನವರಿ ಒಂದರಿಂದ ರೈಲೂ ಇಲ್ಲ, ಬಸ್ಸೂ ಇಲ್ಲ, ಅಮ್ಮನಿಗೆ ತಡಮಾಡದೆ ಹೊರಡಲು ಹೇಳಿ.

ಫೋನಿಟ್ಟು ರಿಜಿಸ್ಟರ್ ತೆಗೆದು ಬರೆದೆ: "ಒಳಬಂದ ಕರೆ. ಕರಾಚಿ. ೬.೪೦. ಎರಡು ನಿಮಿಷ. ಕರೆಸಬೇಕಾದವರು ಸಿಗಲಿಲ್ಲ. ಜುಮಾಗಿ ಊಟಕ್ಕೆ ಹುಮನಾಬಾದಕ್ಕೆ ಹೋಗಿದ್ದಾರೆ."

ಆ ಸಾಲನ್ನು ಯಾರೂ ಬರೆ ಎಂದು ಹೇಳಿರಲಿಲ್ಲ. ಹೊರಹೋಗುವ ವಿದೇಶಿ ಕರೆಗಳನ್ನು ಬರೆದಿಡಬೇಕೆಂಬುದು ನಿಯಮ. ಒಳಬರುವ ಕರೆಗಳನ್ನು ನಾನೇ ಬರೆಯುತ್ತಿದ್ದೆ, ಅಭ್ಯಾಸಬಲದಿಂದ. ಹದಿಮೂರನೇ ವರ್ಷದಿಂದ ದಿನಚರಿ ಇಟ್ಟವಳು ನಾನು. ೧೯೯೬ರಲ್ಲಿ ಅಪ್ಪ ತಮ್ಮ ಕಿರಾಣಿ ಅಂಗಡಿಯ ಪಕ್ಕದ ಜಾಗದಲ್ಲಿ ಬೂತು ಹಾಕಿ ನನ್ನನ್ನು ಕೂರಿಸಿದಾಗ ನನಗೆ ಹದಿನೇಳು. ಮೊದಲ ದಿನವೇ ದಪ್ಪ ರಿಜಿಸ್ಟರಿನ ಪುಟಗಳಿಗೆಲ್ಲ ಒಂದರಿಂದ ಇನ್ನೂರರವರೆಗೆ ಕೆಂಪು ಪೆನ್ನಿನಲ್ಲಿ ಅಂಕಿ ಹಾಕಿ ಕೂತಿದ್ದೆ. ಅಪ್ಪನಿಗೆ ಅದನ್ನು ಕಂಡರೆ ಹೆಮ್ಮೆ. ಬಂದ ಗಿರಾಕಿಗಳಿಗೆ ತೋರಿಸುತ್ತಿದ್ದರು.

ಮಂಠಾಳ, ಹುಲಸೂರ ಕಡೆಯ ಜನ ಪುಣೆಗೆ, ಮುಂಬೈಗೆ ಮಾತಾಡಲು ಬರುತ್ತಿದ್ದರು. ವಿದೇಶಕ್ಕೆ ಮಾತಾಡುವವರು ಕಡಿಮೆ, ಅವರಲ್ಲೂ ಹೆಚ್ಚಿನವರು ದುಬೈ, ಜೆದ್ದಾ. ಕರಾಚಿಗೆ ಮಾತಾಡುವವರು ಒಬ್ಬರೇ. ಕೋಟೆಯ ಕಡೆಯ ಓಣಿಯಲ್ಲಿದ್ದ ಮುದುಕಿ, ಊರೆಲ್ಲ ಬಡೀಮಾ ಎಂದು ಕರೆಯುತ್ತಿದ್ದವರು. ಅವರ ಒಬ್ಬಳೇ ತಂಗಿ ಮದುವೆಯಾಗಿ ಗಂಡನ ಹಿಂದೆ ಆ ಕಡೆ ಹೋಗಿ ಸುಮಾರು ನಲವತ್ತೈದು ವರ್ಷವಾಗಿತ್ತು. ಬಡೀಮಾ ವಿಧವೆ. ಒಬ್ಬನೇ ಮಗ, ಲಾರಿಗಳಿಗೆ ತಾಡಪಾಲು ಹೊಲಿಯುವವನು. ತಿಂಗಳ ಮೊದಲ ಶುಕ್ರವಾರ ಮಧ್ಯಾಹ್ನದ ನಮಾಜಿನ ಹೊತ್ತು ಮುಗಿದ ಮೇಲೆ ಅವರು ಬೂತಿಗೆ ಬಂದು ಬೆಂಚಿನ ಮೇಲೆ ಕೂತು, ಸೆರಗಿನಿಂದ ಮುಖ ಒರೆಸಿಕೊಂಡು, "ಹಚ್ಚವ್ವ" ಎನ್ನುತ್ತಿದ್ದರು. ಆ ನಂಬರು ನನಗೆ ಬಾಯಿಪಾಠವಾಗಿತ್ತು.

ಅಕ್ಕತಂಗಿ ಮಾತಾಡುತ್ತಿದ್ದದ್ದು ಅಡಿಗೆ. ಏನು ಮಾಡಿದೆ, ಹುಣಸೆ ಹಾಕಿದೆಯೋ ಮೊಸರೋ, ಅಂಬಾಡಿ ಸೊಪ್ಪು ಅಲ್ಲಿ ಸಿಗುತ್ತದೋ ಇಲ್ಲವೋ. ಆ ದೇಶದ ಹೆಸರನ್ನು ಬಡೀಮಾ ಬೂತಿನಲ್ಲಿ ಒಮ್ಮೆಯೂ ಎತ್ತಲಿಲ್ಲ. "ಅಲ್ಲಿ" ಎನ್ನುತ್ತಿದ್ದರು, ಅಷ್ಟೇ.

ಈ ಕರೆಗಳನ್ನು ದಿನಚರಿಯಲ್ಲೂ ಬರೆದಿಡುತ್ತಿದ್ದೆ, ಆ ಹಳೆಯ ದಿನಚರಿಗಳು ಈಗ ನನ್ನ ಮುಂದಿವೆ. ೧೯೯೮ರ ಮೇ ಹನ್ನೊಂದು, ಹದಿಮೂರರಂದು ನಮ್ಮವರು ಬಾಂಬ್ ಪರೀಕ್ಷಿಸಿದರು, ಇಪ್ಪತ್ತೆಂಟರಂದು ಅವರು. ಆ ತಿಂಗಳು ಮೊದಲ ಶುಕ್ರವಾರದ ಒಂದು ಕರೆ ಬಿಟ್ಟರೆ ಮತ್ತೆ ಇಲ್ಲ. ಜೂನಿನಲ್ಲಿ ಒಂದು, ಮೂರೇ ನಿಮಿಷ. ೧೯೯೯ರ ಫೆಬ್ರುವರಿಯಲ್ಲಿ ನಮ್ಮ ಪ್ರಧಾನಿ ಬಸ್ಸಿನಲ್ಲಿ ಕೂತು ಲಾಹೋರಿಗೆ ಹೋದ ತಿಂಗಳು ನಾಲ್ಕು ಕರೆ. ಒಂದಂತೂ ಹತ್ತೊಂಬತ್ತು ನಿಮಿಷ, ಅದರಲ್ಲಿ ಅರ್ಧ ಬರೀ ನಗು. ಅದೇ ವರ್ಷ ಬೇಸಿಗೆಯಲ್ಲಿ ಕಾರ್ಗಿಲ್ ಶುರುವಾಯಿತು. ಬಡೀಮಾ ಪ್ರತಿ ಶುಕ್ರವಾರ ಬಂದು ಬೆಂಚಿನ ಮೇಲೆ ಕೂರುತ್ತಿದ್ದರು, ಹಚ್ಚು ಎನ್ನುತ್ತಿರಲಿಲ್ಲ. ಎದುರಿನ ಚಹಾ ಅಂಗಡಿಯ ಟಿವಿಯಲ್ಲಿ ಶವಪೆಟ್ಟಿಗೆಗಳು ಬರುತ್ತಿದ್ದವು. ಸ್ವಲ್ಪ ಹೊತ್ತು ನೋಡಿ ಎದ್ದು ಹೋಗುತ್ತಿದ್ದರು. ಅದಕ್ಕೆಂದೇ ನಾನು ಒಂದು ಅಂಕಣ ಮಾಡಿದ್ದೆ: "ಬಂದರು, ಹಚ್ಚಲಿಲ್ಲ." ಅದರಲ್ಲಿ ಒಂಬತ್ತು ಗೀಟುಗಳಿವೆ.

ದೆಹಲಿಯಲ್ಲಿ ಯಾರಾದರೂ ಕೆಮ್ಮಿದರೆ ಅದು ಕೆಲವು ದಿನಗಳಲ್ಲಿ ನನ್ನ ರಿಜಿಸ್ಟರಿಗೆ ಬಂದು ಮುಟ್ಟುತ್ತದೆ ಎಂಬುದು ನನಗೆ ಆಗ ಆಟದಂತೆ ಕಂಡಿತ್ತು. ಪತ್ರಿಕೆ ನೋಡಿ ಈ ತಿಂಗಳು ಎಷ್ಟು ನಿಮಿಷ ಎಂದು ಮೊದಲೇ ಊಹಿಸಿ ಬರೆದಿಡುತ್ತಿದ್ದೆ. ಬಹಳ ಸಲ ಸರಿಯಾಗುತ್ತಿತ್ತು.

೨೦೦೧ರ ಜುಲೈಯಲ್ಲಿ ಎರಡೂ ದೇಶದ ಹಿರಿಯರು ಆಗ್ರಾದಲ್ಲಿ ಕೂತರು. ಮಾತು ಮುರಿದು ಎದ್ದರೂ ಜನಕ್ಕೆ ಏನೋ ಸಡಿಲವಾದಂತೆ ಅನ್ನಿಸಿತ್ತು. ಆ ವಾರವೇ ಬಡೀಮಾ ಎರಡು ಸಲ ಮಾತಾಡಿದರು. ಮೊಮ್ಮಗಳ ಮದುವೆ ಹುಮನಾಬಾದದ ಹುಡುಗನ ಜೊತೆ ಗೊತ್ತಾಗಿತ್ತು. ತಂಗಿ ತಾನು ಬರುತ್ತೇನೆ ಎಂದಳಂತೆ. ಫೋನಿಟ್ಟು ಹೊರಬಂದ ಬಡೀಮಾ ನನ್ನ ಗಲ್ಲ ಹಿಡಿದು ಅಲುಗಾಡಿಸಿದರು.

"ಬರಾಕತ್ತಾಳ, ಕೇಳಿದೇನು? ವೀಸಾ ಕೊಟ್ರ ಬರ್ತಾಳಂತ. ನಲವತ್ತೈದು ವರ್ಷದ ಮ್ಯಾಲ ಮಾರಿ ಗುರ್ತು ಹಿಡೀತೀನೋ ಇಲ್ಲೋ!"

ಕೊಟ್ಟರು. ತೊಂಬತ್ತು ದಿನದ ವೀಸಾ. ಅಕ್ಟೋಬರ್ ೨೯, ಸೋಮವಾರ, ಗುಲಬರ್ಗಾದಿಂದ ಬಂದ ಬಸ್ಸಿನಿಂದ ತಂಗಿ ಇಳಿದದ್ದನ್ನು ನಾನು ಬೂತಿನಿಂದಲೇ ನೋಡಿದೆ. ಗುರುತು ಹಿಡಿಯುವ ಪ್ರಶ್ನೆಯೇ ಬರಲಿಲ್ಲ. ಇಬ್ಬರದೂ ಒಂದೇ ಮುಖ, ಒಂದು ಸ್ವಲ್ಪ ಹೆಚ್ಚು ಬಿಸಿಲು ಕಂಡದ್ದು. ಅಪ್ಪಿಕೊಂಡು ಅತ್ತ ಮೇಲೆ ತಂಗಿಯ ಬಾಯಿಂದ ಬಂದ ಮೊದಲ ಮಾತು ಕನ್ನಡ. "ನಮ್ಮ ಊರಾಗ ಇಷ್ಟು ಧೂಳ ಇತ್ತೇನ ಅಕ್ಕಾ?"

ಬಂದ ಇಪ್ಪತ್ತನಾಲ್ಕು ಗಂಟೆಯೊಳಗೆ ಠಾಣೆಯಲ್ಲಿ ಹೆಸರು ಬರೆಸಬೇಕಿತ್ತು. ನನ್ನ ಅಕ್ಷರ ದುಂಡಗೆಂದು ಬಡೀಮಾಳ ಮಗ ಚಿಕ್ಕಮ್ಮನನ್ನು ಕರೆದುಕೊಂಡು ಅರ್ಜಿಯನ್ನು ನನ್ನ ಬಳಿ ತಂದ. ವೀಸಾ ನೋಡಿಕೊಂಡು ತುಂಬುತ್ತಾ ಹೋದೆ. ಭೇಟಿ ಕೊಡುವ ಸ್ಥಳಗಳು ಎಂಬ ಜಾಗದಲ್ಲಿ ಒಂದಕ್ಕಿಂತ ಹೆಚ್ಚು ಊರು ಬರೆಯಲು ಸಾಲುಗಳಿದ್ದವು. ವೀಸಾದಲ್ಲಿದ್ದದ್ದು ಒಂದೇ: ಬಸವಕಲ್ಯಾಣ. ಉಳಿದ ಸಾಲುಗಳು ಖಾಲಿ. ಇದೊಂದೇ ಊರು ಯಾಕೆ ಕೇಳಿದಿರಿ ಎಂದು ಆಕೆಯನ್ನು ಕೇಳಿದೆ.

"ಮತ್ಯಾವ ಊರಿಗೆ ಹೋಗ್ಲವ್ವ ನಾ? ನನ್ನವ್ರೆಲ್ಲ ಇಲ್ಲೇ ಇದ್ದಾರ. ಸುಮ್ನ ನಾಲ್ಕೂರು ಬರದ್ರ ಇಕಿ ತಿರಗಾಡಾಕ ಹೊಂಟಾಳ ಅಂತಾರ."

ಅವರು ಲೆಕ್ಕ ಹಾಕಿಯೇ ಹಾಗೆ ಮಾಡಿದ್ದರು. ಕಡಿಮೆ ಕೇಳಿದರೆ ಬೇಗ ಸಿಗುತ್ತದೆ ಎಂದು. ಹುಮನಾಬಾದ ಅವರ ತಲೆಯಲ್ಲಿ ಬೇರೆ ಊರಾಗಿ ಇರಲೇ ಇಲ್ಲ. ನಮ್ಮ ಕಡೆ ಯಾರಿಗೂ ಇಲ್ಲ. ಕಲ್ಯಾಣದವರು ಹುಮನಾಬಾದಕ್ಕೆ ಹೋಗುವುದಕ್ಕೆ "ಊರಿಗೆ ಹೋಗುವುದು" ಎನ್ನುವುದಿಲ್ಲ. ಚಪ್ಪಲಿ ಮೆಟ್ಟಿ ಹೊರಡುತ್ತೇವೆ, ಅಷ್ಟೇ.

ಮದುವೆ ನವೆಂಬರ್ ಮೊದಲ ವಾರ ಮುಗಿಯಿತು. ಮದುವೆಯಾದ ಮೇಲೆ ಐದು ಶುಕ್ರವಾರ ಜುಮಾಗಿ ನಡೆಯಬೇಕು. ಒಂದೊಂದು ಶುಕ್ರವಾರ ಒಂದೊಂದು ಮನೆಯವರು ಹೊಸ ಗಂಡಹೆಂಡತಿಯನ್ನು ಕರೆದು ಊಟ ಹಾಕುವ ಪದ್ಧತಿ ಅದು. ಆ ಮನೆತನದಲ್ಲಿ ಹೆಣ್ಣಿನ ಕಡೆಯ, ಗಂಡ ಬದುಕಿರುವ ಹಿರಿಯ ಹೆಂಗಸು ಮೊದಲ ತುತ್ತು ತಿನ್ನಿಸಬೇಕು. ಬಡೀಮಾ ವಿಧವೆಯಾದ್ದರಿಂದ ಆ ಮಾನ ತಂಗಿಯದು. ಎರಡು ಜುಮಾಗಿ ಕಲ್ಯಾಣದಲ್ಲೇ ಆದವು. ಅಷ್ಟರಲ್ಲಿ ರಂಜಾನ್ ಬಂತು, ಉಳಿದವು ನಿಂತವು. ಮೂರನೆಯದು ಹುಮನಾಬಾದದ ಬೀಗರ ಮನೆಯಲ್ಲಿ, ಈದ್ ಮುಗಿದ ಮೊದಲ ಶುಕ್ರವಾರ ಎಂದು ಗೊತ್ತಾಯಿತು.

ಡಿಸೆಂಬರ್ ೧೩ರಂದು ದೆಹಲಿಯಲ್ಲಿ ಸಂಸತ್ತಿನ ಮೇಲೆ ದಾಳಿಯಾಯಿತು. ಅವತ್ತಿನಿಂದ ಚಹಾ ಅಂಗಡಿಯ ಟಿವಿಯ ಸದ್ದು ಇಳಿಯಲೇ ಇಲ್ಲ. ಕಲ್ಯಾಣದಲ್ಲಿ ಯಾರೂ ಯಾರಿಗೂ ಏನೂ ಅನ್ನಲಿಲ್ಲ, ಅದನ್ನು ಹೇಳಲೇಬೇಕು. ಆದರೆ ಬಡೀಮಾಳ ಮಗನ ಅಂಗಡಿ ಮುಂದೆ ಹಾದುಹೋಗುವವರು ಮೊದಲಿನಂತೆ ನಿಂತು ಮಾತಾಡದೆ ಕೈ ಎತ್ತಿ ಮುಂದೆ ಹೋಗಲು ಶುರುಮಾಡಿದ್ದರು. ಈದಿನ ದಿನ ಅವರ ಮನೆಯಿಂದ ನಮ್ಮ ಮನೆಗೆ ಬರುವ ಶೀರಖುರ್ಮಾ ಬಂತು. ಅಪ್ಪ ಅದನ್ನು ಅಂಗಡಿಯಲ್ಲಿ ಎಲ್ಲರ ಮುಂದೆ ಕುಡಿಯುತ್ತಿದ್ದವರು ಆ ವರ್ಷ ಒಳಗೆ ಹೋಗಿ ಕುಡಿದರು. ಇದನ್ನೂ ಬರೆದಿಟ್ಟಿದ್ದೇನೆ.

ಡಿಸೆಂಬರ್ ೨೦, ಗುರುವಾರ, ಸಂಜೆ ಅಕ್ಕತಂಗಿ ಇಬ್ಬರೂ ಮಗನ ಜೊತೆ ಬೂತಿಗೆ ಬಂದರು.

"ನಾಳೆ ನಾವೆಲ್ಲ ಹುಮನಾಬಾದಕ್ಕ ಹೋಗಾಕತ್ತೇವಿ. ಮನ್ಯಾಗ ಯಾರೂ ಇರಂಗಿಲ್ಲ. ಫೋನ್ ಬಂದ್ರ ಹೇಳಿಬಿಡವ್ವ," ಎಂದರು ಬಡೀಮಾ.

ನಾನು ತುಂಬಿದ ಅರ್ಜಿಯ ಖಾಲಿ ಸಾಲುಗಳು ನೆನಪಾದವು. "ಆ ಕಾಗದದಾಗ ಹುಮನಾಬಾದ ಇಲ್ಲಲ್ರಿ ಬಡೀಮಾ," ಎಂದೆ.

ತಂಗಿ ನಕ್ಕರು. "ಏ ಹುಚ್ಚಿ, ಹುಮನಾಬಾದ ಪರವೂರೇನ? ನಾ ಸಣ್ಣಾಕಿದ್ದಾಗ ಅಬ್ಬಾನ ಸಂಗಾಟ ಬಂಡ್ಯಾಗ ಕುಂತು ಹೋಗಿ ಎರಡೆರಡು ದಿನ ಇದ್ದು ಬರ್ತಿದ್ದೆ."

"ಆದ್ರೂ ಕಾನೂನು ಹಾಂಗ ಅದ್ರಿ. ಒಂದ್ಸಲ ಠಾಣಾದಾಗ ಕೇಳಿ ಹೋಗ್ರಿ."

"ನೋಡ್ ಗೇ, ಇಕಿನೂ ಪೊಲೀಸ್ ಆದ್ಲು," ಬಡೀಮಾ ತಂಗಿಯ ಬೆನ್ನಿಗೆ ಹೊಡೆದರು. "ಟೊಪ್ಪಿಗಿ ಒಂದೇ ಕಡಿಮಿ!"

ಮಗ ಮಾತ್ರ ನಗಲಿಲ್ಲ. "ಕೇಳಾಕ ಹೋದ್ರ ಬ್ಯಾಡ ಅಂತಾರ. ಈಗ ದಿನಮಾನ ಸರಿ ಇಲ್ಲ. ಅಲ್ಲಿ ಬೀಗರು ಊಟಕ್ಕ ನೂರು ಮಂದಿಗೆ ಹೇಳ್ಯಾರ. ಮುಂಜಾನೆ ಹೋಗಿ ಸಂಜೀಕ ಬರೋದು. ಸಸ್ತಾಪುರ ಬಂಗ್ಲಾದಾಗ ಏನ್ ಗಡಿ ಅದ ಏನು, ಗೇಟ್ ಹಾಕ್ಯಾರೇನು?"

ಸಸ್ತಾಪುರ ಬಂಗ್ಲಾ ಅಂದರೆ ನಮ್ಮ ಊರಿನ ರಸ್ತೆ ಹೆದ್ದಾರಿಗೆ ಕೂಡುವ ಜಾಗ. ಅಲ್ಲಿ ಬಲಕ್ಕೋ ಎಡಕ್ಕೋ ತಿರುಗುವುದನ್ನು ಬಿಟ್ಟರೆ ನಮಗೆ ಬೇರೆ ಯೋಚನೆ ಬಂದದ್ದಿಲ್ಲ.

ಮಾರನೆಯ ದಿನ ಬೆಳಿಗ್ಗೆ ಒಂಬತ್ತು ಐದಕ್ಕೆ ಅವರು ಬಸ್ ಹತ್ತಿದರು. ಸಂಜೆ ಆರು ನಲವತ್ತಕ್ಕೆ ಆ ಫೋನು ಬಂತು. ನಾನು ಆ ಸಾಲು ಬರೆದೆ.

ಅವರು ಬಂದದ್ದು ಏಳೂವರೆಗೆ. ಓಡಿಹೋಗಿ ಹೇಳಿದೆ. ತಂಗಿಯ ಕೈಯಲ್ಲಿ ಬೀಗರು ಕೊಟ್ಟ ಹೂವಿನ ಮಾಲೆ ಇತ್ತು. ಮಗನ ಗಮನ ಬೇರೆ ಕಡೆಗಿತ್ತು. ಹೆದ್ದಾರಿಯ ಮೇಲಿನ ರಾಜೇಶ್ವರ ಎಂಬ ಊರು ದಾಟಿದ ಮೇಲೆ ಬಸ್ಸನ್ನು ಅರ್ಧ ತಾಸು ಬದಿಗೆ ನಿಲ್ಲಿಸಿದ್ದರಂತೆ. ಹೈದರಾಬಾದ್ ಕಡೆಯಿಂದ ಮಿಲಿಟರಿ ಲಾರಿಗಳು ಒಂದರ ಹಿಂದೊಂದು ಮುಂಬೈ ದಿಕ್ಕಿಗೆ ಹೋಗುತ್ತಿದ್ದವಂತೆ.

"ಮೂವತ್ತೆಂಟು ಎಣಿಸಿದೆ, ಆಮ್ಯಾಲ ಬಿಟ್ಟೆ," ಎಂದ. "ಎಲ್ಲಾ ಹೊಸಾ ತಾಡಪಾಲು. ಒಳಗೇನದ ಅಂತ ಕಾಣದಂಗ ಬಿಗಿದಾರ." ಆಮೇಲೆ ಚಿಕ್ಕಮ್ಮನ ಕಡೆ ತಿರುಗಿ, "ಈ ಲಾರಿ ಮಾತು ಯಾರ ಮುಂದೂ ತೆಗೀಬ್ಯಾಡ. ಫೋನಿನಾಗಂತೂ ಬ್ಯಾಡೇ ಬ್ಯಾಡ," ಎಂದ.

ಆಕೆ ತಲೆ ಆಡಿಸಿದರು. ಮಾಲೆಯನ್ನು ಎಲ್ಲಿಡಬೇಕೆಂದು ತಿಳಿಯದವರಂತೆ ಎರಡೂ ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದರು.

ಶನಿವಾರ, ೨೨ರಂದು, ಬೆಳಿಗ್ಗೆ ಹನ್ನೊಂದಕ್ಕೆ ಪೇದೆ ಬಂದರು. ಹೊಸಬರಲ್ಲ, ದಿನಾ ಎದುರಿನ ಅಂಗಡಿಯಲ್ಲಿ ಚಹಾ ಕುಡಿದು ಅಪ್ಪನ ಹತ್ತಿರ ಅಡಿಕೆ ತಿಂದು ಹೋಗುವವರು. ಅವತ್ತು ಅಡಿಕೆ ಬೇಡ ಎಂದರು. ವಿದೇಶಕ್ಕೆ ಕರೆ ಹೋಗುವ ಎಲ್ಲ ಬೂತುಗಳ ರಿಜಿಸ್ಟರ್ ನೋಡಬೇಕೆಂದು ಮೇಲಿನಿಂದ ಆದೇಶ ಬಂದಿದೆ ಎಂದರು. ನಾನು ಕೊಟ್ಟೆ. ಅವರು ಬೆಂಚಿನ ಮೇಲೆ ಕೂತು ಬೆರಳಿಟ್ಟು ಓದುತ್ತಾ ಬಂದರು. ೧೪೬ನೇ ಪುಟದಲ್ಲಿ ಬೆರಳು ನಿಂತಿತು.

"ಇದು ನೀ ಬರದದ್ದೇನು?"

"ಹೌದ್ರಿ."

"ಹೊರಗಿಂದ ಬಂದ ಫೋನ್ ಬರಿ ಅಂತ ಯಾರ್ ಹೇಳ್ಯಾರ ನಿನಗ?"

"ಯಾರೂ ಹೇಳಿಲ್ರಿ. ನಾನೇ ಬರೀತೀನಿ."

ಅವರು ಅಪ್ಪನ ಕಡೆ ನೋಡಿದರು. ಅಪ್ಪ ತಕ್ಕಡಿ ಹಿಡಿದು ಹಾಗೇ ನಿಂತಿದ್ದರು. ಪೇದೆ ರಿಜಿಸ್ಟರನ್ನು ಹಿಂದೆ ಮುಂದೆ ತಿರುವಿದರು, ಹೊಲಿಗೆ ನೋಡಿದರು, ಮತ್ತೆ ಆ ಪುಟಕ್ಕೆ ಬಂದರು. ಏನನ್ನು ಹುಡುಕುತ್ತಿದ್ದಾರೆಂದು ನನಗೆ ಆಮೇಲೆ ಹೊಳೆಯಿತು.

"ಪುಟಕ್ಕೆಲ್ಲ ನಂಬರ್ ಬ್ಯಾರೆ ಹಾಕೀದಿ," ಎಂದರು, ಬಹಳ ಮೆತ್ತಗೆ. "ಒಂದು ಹೋದ್ರ ಗೊತ್ತಾಗ್ತದ. ಇದು ಈಗ ಸಾಹೇಬ್ರ ಟೇಬಲ್ಲಿಗೆ ಹೋಗ್ತದವ್ವ. ನಾ ಓದಿಲ್ಲ ಅಂದ್ರೂ ಅವ್ರು ಓದ್ತಾರ."

ರಿಜಿಸ್ಟರನ್ನು ಪತ್ರಿಕೆಯಲ್ಲಿ ಸುತ್ತಿ ಬಗಲಲ್ಲಿಟ್ಟುಕೊಂಡು ಹೋದರು.

ಸೋಮವಾರ ಬಡೀಮಾಳ ಮಗ ಚಿಕ್ಕಮ್ಮನನ್ನು ಕರೆದುಕೊಂಡು ಹೊರಡುವ ಮುದ್ರೆ ಹಾಕಿಸಲು ಠಾಣೆಗೆ ಹೋದ. ಮುದ್ರೆ ಹಾಕಲಿಲ್ಲ. ಕಾಗದಗಳನ್ನು ಇಟ್ಟುಕೊಂಡರು. ವೀಸಾದಲ್ಲಿಲ್ಲದ ಊರಿಗೆ ಹೋಗಿದ್ದಾರೆ, ವಿಚಾರಣೆ ಆಗಬೇಕು ಎಂದರು. ಪೊಲೀಸರು ತಪ್ಪು ಮಾಡಿದರು ಎನ್ನಲು ನನಗೆ ಬಾಯಿಲ್ಲ. ನಿಯಮ ಹಾಗೇ ಇತ್ತು, ನಾನೇ ಅದನ್ನು ಗುರುವಾರ ಹೇಳಿದ್ದೆ. ಮಂಗಳವಾರ ಕ್ರಿಸ್‌ಮಸ್ ರಜೆ. ಬುಧವಾರ ಇಡೀ ದಿನ ಹೇಳಿಕೆ ಬರೆದುಕೊಂಡರು. ಜನವರಿ ಒಂದಕ್ಕೆ ಇನ್ನು ಆರು ದಿನ. ಗಡಿ ದಾಟುವ ರೈಲಿದ್ದದ್ದು ವಾರಕ್ಕೆರಡೇ ಸಲ.

ಬುಧವಾರ ಸಂಜೆ ಆಕೆ ಠಾಣೆಯಿಂದ ಬರುವಾಗ ಬೂತಿನ ಬೆಂಚಿನ ಮೇಲೆ ಕೂತು ನೀರು ಕೇಳಿದರು.

"ಏನ್ ಕೇಳಿದ್ರಿ?" ಎಂದೆ.

"ಏನ್ ಕೇಳಿಲ್ಲ ಅನ್ನು. ಹುಮನಾಬಾದದಾಗ ಯಾರ್ ಯಾರ್ ಭೆಟ್ಟಿಯಾದ್ರು, ಏನ್ ಮಾತಾಡಿದ್ರಿ, ಏನ್ ಉಂಡ್ರಿ. ಊಟದ್ದು ಕೇಳಿದ್ರಲ್ಲ, ಪೂರಾ ಹೇಳೀನಿ. ಬಗಾರಾ ಖಾನಾ, ದಾಲ್ಚಾ, ಖುಬಾನಿ ಮೀಠಾ. ಬರಕೊಳ್ಳೋ ಹುಡುಗ ಎರಡು ಸಲ ಉಗುಳು ನುಂಗಿದ." ನಕ್ಕರು. ಆಮೇಲೆ, "ಹಾದ್ಯಾಗ ಏನ್ ನೋಡಿದ್ರಿ ಅಂದ್ರು. ತೊಗರಿ ಹೊಲ ನೋಡಿದೆ ಅಂದೆ," ಎಂದರು.

ಆ ಸಾಲು ಬರೆದವಳು ನಾನು ಎಂದು ಅವತ್ತು ಹೇಳಿದೆ. ಅವರಿಗೆ ಗೊತ್ತಿತ್ತು. ರಿಜಿಸ್ಟರನ್ನು ಸಾಹೇಬರು ಅವರ ಮುಂದೆಯೇ ತೆರೆದಿಟ್ಟಿದ್ದರಂತೆ.

"ಅಕ್ಷರ ಛಂದ ಅವ," ಎಂದರು. ಅಷ್ಟೇ. ಅದು ಕ್ಷಮೆಯೋ ಏನೋ ನನಗೆ ಇವತ್ತಿಗೂ ತಿಳಿದಿಲ್ಲ.

ಗುರುವಾರ ಸಂಜೆ ಕಾಗದಗಳು ವಾಪಸು ಬಂದವು, ಎಚ್ಚರಿಕೆ ಬರೆದು, ಮುದ್ರೆ ಹಾಕಿ. ಶುಕ್ರವಾರ ೨೮ರಂದು ಮಗ ಅವರನ್ನು ಗುಲಬರ್ಗಾಕ್ಕೆ ಕರೆದೊಯ್ದು ದೆಹಲಿ ರೈಲು ಹತ್ತುವುದೆಂದು ಆಯಿತು. ನಾಲ್ಕನೇ ಜುಮಾಗಿಯ ಶುಕ್ರವಾರ ಅದು. ಯಾರೂ ಆ ಮಾತು ಎತ್ತಲಿಲ್ಲ.

ಹೊರಡುವಾಗ ಆಕೆ ಬೂತಿನ ಬಾಗಿಲಿಗೆ ಬಂದರು. "ಮನಿ ಮುಟ್ಟಿದ ದಿನಾನೇ ಇಲ್ಲಿಗೆ ಫೋನ್ ಹಚ್ತೀನಿ. ಅಕ್ಕಾ ಫಿಕರ್ ಮಾಡ್ತಾಳ. ಜಲ್ದಿ ಎತ್ತು," ಎಂದರು. ಎತ್ತುತ್ತೇನೆ ಎಂದೆ.

ಎರಡು ದಿನದ ಹಿಂದೆ, ಬುಧವಾರ, ಅಪ್ಪ ಟೆಲಿಫೋನ್ ಕಚೇರಿಗೆ ಅರ್ಜಿ ಕೊಟ್ಟಿದ್ದರು. ಬೂತಿನ ಲೈನು ಬೇಡ, ಕಿತ್ತುಬಿಡಿ, ಮುಂದೆ ಅಂಗಡಿಗೆ ಬೇರೆ ನಂಬರು ತೆಗೆದುಕೊಳ್ಳುತ್ತೇವೆ ಎಂದು. ಅದು ನನಗೆ ಗೊತ್ತಿತ್ತು. ನಾನು ಜಗಳವಾಡಿದ್ದೆ.

"ಹೆಣ್ಣುಮಗಳು ನೀ," ಎಂದಿದ್ದರು ಅಪ್ಪ, ಮುಖ ನೋಡದೆ. "ಇವತ್ತು ರಿಜಿಸ್ಟರ್ ಒಯ್ದಾರ. ನಾಳಿ ಇದನ್ನ ಬರದಾಕೀನ್ನ ಕರೀರಿ ಅಂದ್ರ? ಆ ನಂಬರಿಗೆ ಅಲ್ಲಿಂದ ಮತ್ತ ಫೋನ್ ಬರಬಾರ್ದು. ಮುಗೀತು."

ಆದರೂ ನಾನು ಆಕೆಗೆ ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂಬುದನ್ನು ಸರಿಯಾಗಿ ಬರೆಯಬೇಕು. ನಮ್ಮ ಕಡೆ ಫೋನ್ ಲೈನು ಕೆಟ್ಟರೆ ಸರಿಪಡಿಸಲು ವಾರಗಟ್ಟಲೆ ಹಿಡಿಯುತ್ತಿತ್ತು. ಹೊಸ ಲೈನು ಕೇಳಿದರೆ ತಿಂಗಳುಗಳು. ಕೀಳುವುದಕ್ಕೂ ಅಷ್ಟೇ ದಿನ ಹಿಡಿದೀತು, ಅಷ್ಟರಲ್ಲಿ ಆಕೆಯ ಫೋನು ಬಂದಿರುತ್ತದೆ, ಹೊರಡುವ ಹೊತ್ತಿಗೆ ಆಕೆಗೆ ಇನ್ನೊಂದು ಕೆಟ್ಟ ಸುದ್ದಿ ಯಾಕೆ ಎಂದುಕೊಂಡೆ. ಸರ್ಕಾರಿ ಕೆಲಸದ ನಿಧಾನವನ್ನು ನಂಬಿದೆ. ಆ ಒಂದು ಕೆಲಸವನ್ನು ಮಾತ್ರ ಅವರು ಮೂರೇ ದಿನದಲ್ಲಿ ಮಾಡಿದರು. ಶನಿವಾರ, ೨೯ ಡಿಸೆಂಬರ್, ಮಧ್ಯಾಹ್ನ ಒಂದು ಇಪ್ಪತ್ತಕ್ಕೆ ಫೋನ್ ಎತ್ತಿದೆ. ಒಳಗೆ ಸದ್ದೇ ಇರಲಿಲ್ಲ.

ಜನವರಿ ಎರಡರಂದು ಮಗ ಒಬ್ಬನೇ ಬಂದ. ದೆಹಲಿಯಿಂದ ಮುಂದೆ ಹೋಗಲು ಅವನಿಗೆ ಆಗಿರಲಿಲ್ಲ. ಗಡಿಯ ಕಡೆ ಹೋಗುವವರನ್ನು ಸ್ಟೇಷನ್ನಿನಲ್ಲೇ ತಡೆದು ಕೇಳುತ್ತಿದ್ದರಂತೆ, ಅವನ ಹೆಸರು ಕೇಳಿ ಇನ್ನೂ ಹೆಚ್ಚು. ಭಾನುವಾರ ೩೦ರಂದು ಗಡಿಯ ಸ್ಟೇಷನ್ನಾದ ಅಟ್ಟಾರಿ ಕಡೆಯ ರೈಲಿಗೆ ಹೊರಟಿದ್ದ ಐದಾರು ಹೆಂಗಸರ ಗುಂಪಿಗೆ ಚಿಕ್ಕಮ್ಮನನ್ನು ಸೇರಿಸಿ ಬಂದಿದ್ದ. ಅವರೂ ಆ ಕಡೆಯವರೇ, ನೆಂಟರ ಮನೆಗೆ ಬಂದು ಸಿಕ್ಕಿಬಿದ್ದವರು. ಗಡಿ ದಾಟುವ ಕೊನೆಯ ರೈಲು ಆಗಲೇ ಹೋಗಿಬಿಟ್ಟಿದೆ ಎಂದು ಸ್ಟೇಷನ್ನಿನಲ್ಲಿ ಒಬ್ಬರು ಹೇಳಿದರಂತೆ, ಇನ್ನೂ ಒಂದಿದೆ ಎಂದು ಮತ್ತೊಬ್ಬರು. ರೈಲು ಇಲ್ಲದಿದ್ದರೆ ನಡೆದಾದರೂ ದಾಟಲು ಬಿಡುತ್ತಾರೆ ಎಂದು ಆ ಗುಂಪಿನ ಒಬ್ಬ ಹೆಂಗಸು ಧೈರ್ಯ ಹೇಳಿದಳಂತೆ.

"ಕೈ ಬಿಡಿಸ್ಕೊಂಡು ಹತ್ತಿದ್ಲು," ಎಂದ. "ಕಿಟಕ್ಯಾಗ ಮಾರಿ ಕಂಡಿಲ್ಲ. ಮಂದಿ ಭಾಳ ಇತ್ತು."

ಅಲ್ಲಿಂದ ಮುಂದೆ ನನಗೆ ಏನೂ ಗೊತ್ತಿಲ್ಲ.

ಆಕೆ ಮನೆ ಮುಟ್ಟಿ ಫೋನ್ ಮಾಡಿದ್ದರೆ ಅದು ಸತ್ತ ಲೈನಿಗೆ ಬಂದಿರುತ್ತದೆ. ಮುಟ್ಟದಿದ್ದರೆ ಆಕೆಯ ಮಗ ಕೇಳಲು ಫೋನ್ ಮಾಡಿರುತ್ತಾನೆ, ಅದೂ ಅದೇ ಲೈನಿಗೆ. ಎರಡೂ ಸಂಗತಿಗಳು ನಮಗೆ ಒಂದೇ ಥರ ಕೇಳಿಸಿದವು.

ಜನವರಿ ಐದರಿಂದ ಮಾರ್ಚ್ ಕೊನೆಯವರೆಗೆ ನಾನು ಬಡೀಮಾ ಜೊತೆ ಹುಮನಾಬಾದಕ್ಕೆ ಹೋಗಿ ಅಲ್ಲಿನ ಒಂದು ಬೂತಿನಿಂದ ಕರಾಚಿಗೆ ಹಚ್ಚಿದೆ. ಕಲ್ಯಾಣದ ಬೇರೆ ಬೂತಿನವರು ಆ ನಂಬರು ಹಚ್ಚಲು ಒಪ್ಪಲಿಲ್ಲ. ಒಟ್ಟು ಹನ್ನೊಂದು ಸಲ. ಒಂಬತ್ತು ಸಲ ಗಂಟೆ ಹೊಡೆದೇ ಹೊಡೆಯಿತು, ಯಾರೂ ಎತ್ತಲಿಲ್ಲ. ಒಂದು ಸಲ ಎಂಗೇಜ್. ಹನ್ನೊಂದನೇ ಸಲ ಒಬ್ಬ ಗಂಡಸು ಎತ್ತಿದ. ಎಲ್ಲಿಂದ ಎಂದ. ಹಿಂದೂಸ್ಥಾನದಿಂದ, ಬಸವಕಲ್ಯಾಣ ಎಂದೆ. "ರಾಂಗ್ ನಂಬರ್. ಮತ್ತೆ ಮಾಡಬೇಡಿ," ಎಂದು ಇಟ್ಟುಬಿಟ್ಟ. ಅದು ಡಿಸೆಂಬರಿನಲ್ಲಿ ಮಾತಾಡಿದ ಮಗನ ದನಿಯೋ ಅಲ್ಲವೋ ಎಂದು ಬಡೀಮಾ ದಾರಿಯುದ್ದಕ್ಕೂ ಕೇಳಿದರು. ನನಗೆ ಹೇಳಲಾಗಲಿಲ್ಲ. ಹೌದು ಎಂದು ಅನ್ನಿಸಿತ್ತು. ಅಲ್ಲಿಯೂ ಯಾರೋ ಒಬ್ಬ ಪೇದೆ ಯಾವುದೋ ಮನೆಗೆ ಬಂದು ಅಡಿಕೆ ಬೇಡ ಎಂದಿರಬಹುದು. ಅಲ್ಲಿಯೂ ಒಬ್ಬರು ಹೆಂಡತಿ ಮಕ್ಕಳ ಮುಖ ನೋಡದೆ, ಆ ಕಡೆಯಿಂದ ಇನ್ನು ಫೋನ್ ಬರಬಾರದು, ಮುಗೀತು ಎಂದಿರಬಹುದು.

ಪತ್ರಗಳೂ ಹೋದವು. ಐದರಲ್ಲಿ ನಾಲ್ಕಕ್ಕೆ ಉತ್ತರವಿಲ್ಲ. ಒಂದು ಎಂಟು ತಿಂಗಳ ಮೇಲೆ ಹಿಂದಕ್ಕೆ ಬಂತು, ಒಡೆದು ಮತ್ತೆ ಅಂಟಿಸಿದ್ದು, ಮನೆ ಖಾಲಿ ಎಂದು ಉರ್ದುವಿನಲ್ಲಿ ಬರೆದದ್ದು.

೨೦೦೩ರಲ್ಲಿ ಬಸ್ಸು ಮತ್ತೆ ಶುರುವಾಯಿತು, ಮರುವರ್ಷ ರೈಲು. ದೊಡ್ಡವರು ಮತ್ತೆ ಕೈ ಕುಲುಕಿದರು. ಬಡೀಮಾಳ ಮಗ ವೀಸಾಕ್ಕೆ ಎರಡು ಸಲ ಅರ್ಜಿ ಹಾಕಿದ. ಆ ಎಚ್ಚರಿಕೆಯ ಕಾಗದದಲ್ಲಿ ಅವನ ಹೆಸರೂ ಇತ್ತೆಂದು ಕಾಣುತ್ತದೆ. ಎರಡು ಸಲವೂ ಆಗಲಿಲ್ಲ. ಅಪ್ಪ ಮತ್ತು ನಾನು ಆ ಲೈನಿನ ಬಗ್ಗೆ ಮನೆಯಲ್ಲಿ ಮಾತಾಡುವುದಿಲ್ಲ. ಹಳೆಯ ನಂಬರನ್ನೇ ಕೊಡಿ ಎಂದು ಅವರು ಟೆಲಿಫೋನ್ ಕಚೇರಿಗೆ ನನಗೆ ಹೇಳದೆ ಮೂರು ಸಲ ಹೋಗಿಬಂದಿದ್ದಾರೆ. ಆ ನಂಬರು ಬೇರೆಯವರಿಗೆ ಹೋಗಿದೆ.

ಈ ವರ್ಷ, ೨೦೦೭ರ ಫೆಬ್ರುವರಿಯಲ್ಲಿ, ಅದೇ ದಾರಿಯ ರೈಲಿನಲ್ಲಿ ಪಾಣಿಪತ್ ಹತ್ತಿರ ಬಾಂಬ್ ಸಿಡಿದು ಬೋಗಿಗಳು ಸುಟ್ಟವು. ಮರುದಿನ ಬೆಳಿಗ್ಗೆ ಎಂಟಕ್ಕೆ ಬಡೀಮಾ ಕೋಲೂರಿಕೊಂಡು ನಮ್ಮ ಅಂಗಡಿಗೆ ಬಂದರು. ಹೆಸರುಗಳನ್ನು ಓದು ಎಂದರು. ಅವರು ಹೋಗಿ ಐದು ವರ್ಷದ ಮೇಲಾಯಿತಲ್ಲ ಎಂದೆ.

"ಹೋಗಿದ್ದು ಐದು ವರ್ಷ ಆತು. ವಾಪಸ್ ಬರಾಕತ್ತಿದ್ರ?" ಎಂದರು.

ನಾಲ್ಕು ದಿನ, ಬಂದ ಪತ್ರಿಕೆಯನ್ನೆಲ್ಲ ಓದಿ ಹೇಳಿದೆ. ಆಕೆಯ ಹೆಸರು ಇರಲಿಲ್ಲ. ಗುರುತು ಸಿಗದವರು ಎಂದು ಬಂದಾಗ ಬಡೀಮಾ ನಿಲ್ಲಿಸು ಎಂದರು. ಅಂದಿನಿಂದ ಅವರ ಕಣ್ಣು ಮಂದವಾಗುತ್ತಿದೆ. ನನ್ನ ಬಳಿ ಅವರು ಈಗ ಒಂದೇ ಮಾತು ಕೇಳುತ್ತಾರೆ: ಮನೆ ಮುಟ್ಟಿದಳೋ ಇಲ್ಲವೋ. ಸತ್ತಿದ್ದಾಳೋ ಬದುಕಿದ್ದಾಳೋ ಎಂದು ಕೇಳುವುದಿಲ್ಲ.

ಅದಕ್ಕೇ ಇದನ್ನು ಬರೆದೆ. ಹೆಸರುಗಳನ್ನು ಬೇಕೆಂದೇ ಬರೆದಿಲ್ಲ. ನಾನು ಬರೆದದ್ದು ಯಾರ ಕೈಗೆ ಹೋಗುತ್ತದೆಂದು ಈಗ ನನಗೆ ಗೊತ್ತಿದೆ. ೩೦ ಡಿಸೆಂಬರ್ ೨೦೦೧ರ ಭಾನುವಾರ ದೆಹಲಿಯಿಂದ ಅಟ್ಟಾರಿಗೆ ಹೊರಟ ಆ ಹೆಂಗಸರ ಗುಂಪಿನಲ್ಲಿ ನಿಮ್ಮ ನೆಂಟರೋ ಗುರುತಿನವರೋ ಇದ್ದಿರಬಹುದು. ಅರವತ್ತೈದರ ಆಸುಪಾಸಿನ ಹೆಂಗಸು, ಎಡಗೈಯ ಕಿರುಬೆರಳು ಡೊಂಕು, ಬೂದು ಶಾಲು, ಉರ್ದು ಆಡುತ್ತಾ ಗಾಬರಿಯಾದಾಗ ಕನ್ನಡಕ್ಕೆ ಬಂದುಬಿಡುವವರು. ಅವರು ಗಡಿ ದಾಟಿದ್ದನ್ನು, ಅಥವಾ ಅಲ್ಲಿಂದ ಹಿಂದಕ್ಕೆ ಕಳಿಸಿದ್ದನ್ನು, ಅಥವಾ ಎಲ್ಲಾದರೂ ಇಳಿದದ್ದನ್ನು ಕಂಡವರಿದ್ದರೆ, ಈ ಪುಸ್ತಕದ ಪ್ರಕಾಶಕರಿಗೆ ಒಂದು ಕಾರ್ಡು ಹಾಕಿ. ಕಂಡ ದಿನ, ಹೊತ್ತು, ಜಾಗ ಇಷ್ಟಿದ್ದರೆ ಸಾಕು. ಸುದ್ದಿ ಕೆಟ್ಟದ್ದಾದರೂ ಬರೆಯಿರಿ. ನಾನು ಅದನ್ನು ಬಡೀಮಾ ಅವರಿಗೆ ಓದಿ ಹೇಳುತ್ತೇನೆ.